ಇಲ್ಲದ ಕಾಯಿಲೆ

ಮಾರ್ಚ್ 4

ಮಗಳೇ,

ಫೋನೆತ್ತದವಳಿಗೆ ಕಾಗದವೇ ಗತಿ. ವಿಳಾಸ ನೀನು ಕೊಟ್ಟದ್ದಲ್ಲ, ನಮ್ಮ ಸಭೆಯ ಖಜಾಂಚಿಯ ಹೆಂಡತಿ ಹುಡುಕಿ ತಂದದ್ದು. ಕಣ್ಣು ತೋರಿಸಲು ನಿಮ್ಮೂರಿನ ಆಸ್ಪತ್ರೆಗೆ ಬಂದಿದ್ದಳಂತೆ. ಯಾರೋ ಒಬ್ಬಳು ತಲೆಗೆ ಬಟ್ಟೆ ಕಟ್ಟಿ, ಮೊಣಕೈವರೆಗೆ ರಬ್ಬರ್ ಗವಸು ಹಾಕಿ ಕೊಳೆ ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಳಂತೆ. "ನೋಡಿದ್ರೆ ನಮ್ಮ ಮರಿ ಬೋಧಕಿ ಅಕ್ಕ, ನಿಮ್ಮ ಮಗಳೇ! ಕಣ್ಣಿಗೆ ಔಷಧಿ ಬಿಟ್ಟಿದ್ರಲ್ಲ, ಅದಕ್ಕೇ ಹಾಗೆ ಕಾಣ್ತೇನೋ ಅಂದ್ಕೊಂಡೆ" ಎಂದು ಹೇಳಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳ ಕಣ್ಣಿಗೆ ಏನೂ ಆಗಿಲ್ಲ, ಚೆನ್ನಾಗಿಯೇ ಕಾಣುತ್ತದೆ.

ನೀನು ಬೋಧಕರ ತರಬೇತಿಯಲ್ಲಿದ್ದೀಯ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಕಂಡವರ ವಾಂತಿ ಒಗೆಯಲು ಯಾವ ತರಬೇತಿ ಬೇಕು?

ನೀನು ಮರೆತಿದ್ದರೆ ನೆನಪಿಸುತ್ತೇನೆ. ಏಳು ವರ್ಷದವಳು ಬೆಂಚಿನ ಮೇಲೆ ನಿಂತು ಮಾತಾಡಿದರೆ ಮೀಸೆ ಹೊತ್ತ ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಿನ್ನಪ್ಪ ಸಾಯುವವರೆಗೂ ಸಭಾಪಾಲಕರಾಗಿದ್ದರು, ಒಬ್ಬರನ್ನೂ ಅಳಿಸಿದವರಲ್ಲ. ಆ ವರವನ್ನು ದೇವರು ನಿನಗೆ ಕೊಟ್ಟರು. ನೀನು ಹೊಟ್ಟೆಯಲ್ಲಿರುವಾಗಲೇ ನಾನು ನಿನ್ನನ್ನು ಅವರಿಗೆ ಒಪ್ಪಿಸಿದ್ದೆ. ಒಪ್ಪಿಸಿದ ಮೇಲೆ ವಾಪಸ್ ಕೇಳುವುದಕ್ಕೆ ನಿನಗೂ ಹಕ್ಕಿಲ್ಲ, ನನಗೂ ಇಲ್ಲ.

ಏಪ್ರಿಲ್ ಕೊನೆಗೆ ನಮ್ಮ ಸ್ತ್ರೀಯರ ಸಂಘದ ಮಹಾಕೂಟ. ಪೋಸ್ಟರ್ ಅಚ್ಚಾಗಿ ಬಂದಿದೆ. ನಡುವೆ ನಿನ್ನ ಫೋಟೋ. ಅಧ್ಯಕ್ಷೆಯಾಗಿ ನನ್ನ ಹೆಸರು ಕೆಳಗೆ ಸಣ್ಣದಾಗಿ ಇದೆ, ನನಗೆ ಅಷ್ಟೇ ಸಾಕು. ಹಿಂದಿನ ದಿನವೇ ಬಾ. ಕೈಗಳು ಒರಟಾಗಿದ್ದರೆ ಎಣ್ಣೆ ಹಚ್ಚಿಕೊಂಡು ಬಾ.

ನಿನ್ನನ್ನು ಹೆತ್ತವಳು


ಮಾರ್ಚ್ 15

ಅಮ್ಮ,

ನಾನು ಬರುವುದಿಲ್ಲ. ನೀನು ಕೊನೆಯ ಸಾಲಿಗೆ ಹಾರಿ ನೋಡುವ ಕಷ್ಟ ಬೇಡವೆಂದು ಮೊದಲೇ ಬರೆದೆ.

ತರಬೇತಿಗೆ ಸೇರಿದ್ದು ನಿಜ. ಬಿಟ್ಟದ್ದನ್ನು ಹೇಳಲಿಲ್ಲ. ಹೇಳಿದ್ದರೆ ನೀನು ಮೊದಲ ಬಸ್ಸಿಗೆ ಬಂದು ನನ್ನ ಜುಟ್ಟು ಹಿಡಿದು ಮತ್ತೆ ಅಲ್ಲೇ ಕೂರಿಸುತ್ತಿದ್ದೆ.

ಯಾಕೆ ಬಿಟ್ಟೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಕೊನೆಯ ಕೂಟದಲ್ಲಿ ನಾನು ಶಿಲುಬೆಯ ಬಗ್ಗೆ ಮಾತಾಡುತ್ತಿದ್ದೆ. ಒಂದು ಮಾತಿಗೆ ಬಂದಾಗ ಕಣ್ಣು ತುಂಬಿತು. ಮುಂದಿನ ಸಾಲಿನ ಹೆಂಗಸರೆಲ್ಲ ಕರವಸ್ತ್ರ ತೆಗೆದರು. ಆಗ ಹೊಳೆಯಿತು, ಹಿಂದಿನ ಊರಿನಲ್ಲೂ ಅದೇ ಮಾತಿಗೆ ಅತ್ತಿದ್ದೆ, ಅದರ ಹಿಂದಿನ ಊರಿನಲ್ಲೂ. ನನ್ನ ಕಣ್ಣೀರು ಸಾಕಿದ ನಾಯಿಯ ಹಾಗೆ ಕರೆದ ಕೂಡಲೇ ಬರುತ್ತಿತ್ತು. ಮೈಕಿನ ಮುಂದೆ ಅಲ್ಲದೆ ನಾನು ದೇವರಿಗೆ ಏನಾದರೂ ಹೇಳಿದ್ದು ಯಾವಾಗ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಅಮ್ಮ, ನನಗೆ ಭಯವಾಯಿತು.

ಇಲ್ಲಿ ಕೆಲಸ ನೆಲಮಾಳಿಗೆಯಲ್ಲಿ. ವಾರ್ಡುಗಳಿಂದ ಮೂಟೆ ಬರುತ್ತದೆ. ರಕ್ತದ್ದು ಬೇರೆ, ಬೆವರಿನದ್ದು ಬೇರೆ ಮಾಡಿ ಯಂತ್ರಕ್ಕೆ ಹಾಕಬೇಕು. ನಮ್ಮ ಹಿರಿಯಳಿಗೆ ಎಲ್ಲರೂ ಬಿಸಿಲಮ್ಮ ಎನ್ನುತ್ತಾರೆ. ಒಣಗಿಸುವ ಯಂತ್ರವಿದ್ದರೂ ಅದರ ಮೇಲೆ ನಂಬಿಕೆಯಿಲ್ಲ, ದಿನಾ ಬೆಳಗ್ಗೆ ಹೊರಗೆ ಹೋಗಿ ಆಕಾಶಕ್ಕೆ ಬೈದು ಬರುತ್ತಾಳೆ. ಯಂತ್ರದ ಸದ್ದಿನಲ್ಲಿ ಪಕ್ಕದವಳ ಮಾತೂ ಕೇಳಿಸುವುದಿಲ್ಲ. ಆ ಸದ್ದಿನಲ್ಲಿ ಒಂದು ದಿನ ನನಗೇ ಗೊತ್ತಿಲ್ಲದಂತೆ, "ಸ್ವಾಮೀ, ಕಾಲು ನೋಯ್ತಿದೆ" ಎಂದೆ. ಅಷ್ಟೇ. ಯಾರೂ ಅಳಲಿಲ್ಲ. ನಾನೂ ಅಳಲಿಲ್ಲ. ಆದರೆ ಯಾರೋ ಕೇಳಿಸಿಕೊಂಡರು ಎನ್ನಿಸಿತು. ಅಂದಿನಿಂದ ಮಾತಾಡುತ್ತಿದ್ದೇನೆ.

ಇಲ್ಲೊಂದು ಚಿಕ್ಕ ಸಭೆಗೆ ಹೋಗುತ್ತೇನೆ. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಕುರ್ಚಿ ಜೋಡಿಸುತ್ತೇನೆ, ಹಾಡುತ್ತೇನೆ, ಮನೆಗೆ ಬಂದು ಬ್ರೆಡ್ಡು ತಿಂದು ಮಲಗುತ್ತೇನೆ. ನೆಮ್ಮದಿಯಾಗಿದ್ದೇನೆ. ಈ ಮಾತು ನಿನಗೆ ಬೈಗುಳದ ಹಾಗೆ ಕೇಳಿಸುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಪೋಸ್ಟರಿನ ಮೇಲೆ ಬೇರೆ ಕಾಗದ ಅಂಟಿಸು.

ನಿನ್ನ ಮಗಳು


ಏಪ್ರಿಲ್ 2

ಮಗಳೇ,

ನಿನ್ನ ಪ್ರಸಂಗ ತಲುಪಿತು. ಪ್ರಸಂಗ ಬಿಟ್ಟೆ ಎಂದು ಹೇಳುವುದಕ್ಕೂ ಎಷ್ಟು ಒಳ್ಳೆಯ ಪ್ರಸಂಗ! ಕಾಲುನೋವಿನ ಭಾಗವನ್ನು ನಾನೇ ಎರಡೆರಡು ಸಲ ಓದಿದೆ, ನಿನ್ನ ಕಲೆ ಎಲ್ಲಿಗೂ ಹೋಗಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮೊದಲು ನೀನು ಪಾಪದ ಬಗ್ಗೆ ಬೋಧಿಸುತ್ತಿದ್ದೆ, ಈಗ ನಿನ್ನ ನೆಮ್ಮದಿಯನ್ನೇ ಬೋಧಿಸುತ್ತಿದ್ದೀಯ. ಆಗ ಸಾವಿರ ಜನ ಕೇಳುತ್ತಿದ್ದರು, ಈಗ ನಾನೊಬ್ಬಳು. ವ್ಯತ್ಯಾಸ ಅಷ್ಟೇ.

ನೆಮ್ಮದಿ ಹಸುವಿಗೂ ಇರುತ್ತದೆ. ಮೆಲುಕು ಹಾಕುತ್ತಾ ಮಲಗಿರುತ್ತದೆ.

ಸಂಘದವರಿಗೆ ನಾನು ಏನಾದರೊಂದು ಹೇಳಲೇಬೇಕಾಯಿತು. ನಿನ್ನ ಗಂಟಲಿಗೆ ಕಾಯಿಲೆ ಬಂದಿದೆ, ಸ್ವರ ಹೋಗಿದೆ, ಆಸ್ಪತ್ರೆಯಲ್ಲಿದ್ದೀಯ ಎಂದು ಹೇಳಿದೆ. ಆಸ್ಪತ್ರೆಯಲ್ಲಿರುವುದಂತೂ ಸುಳ್ಳಲ್ಲ. ಎಲ್ಲರೂ ಕಣ್ಣೀರು ಹಾಕಿದರು. ನಿನಗಾಗಿ ಉಪವಾಸ ಪ್ರಾರ್ಥನೆ ಶುರುವಾಗಿದೆ. ಖಜಾಂಚಿಯ ಹೆಂಡತಿಯೂ ತಲೆಯಾಡಿಸಿದಳು. ಗಾಡಿ ತಳ್ಳುತ್ತಿದ್ದವಳು ಯಾರೋ ಬೇರೆಯವಳು, ಔಷಧಿಯ ದೆಸೆಯಿಂದ ಹಾಗೆ ಕಂಡಿತು ಎಂದು ಅವಳೇ ಹೇಳುತ್ತಿದ್ದಾಳೆ.

ನನಗೆ ಬೇರೆ ದಾರಿಯನ್ನು ನೀನು ಬಿಡಲಿಲ್ಲ.

ನಿನ್ನನ್ನು ಹೆತ್ತವಳು


ಏಪ್ರಿಲ್ 19

ಅಮ್ಮ,

ನಿನಗೆ ನಾಚಿಕೆಯಾಗಬೇಕು.

ಭಾನುವಾರದ ಶಾಲೆಯ ಮಕ್ಕಳು ಬಣ್ಣ ಹಚ್ಚಿ ಕಳಿಸಿದ ಕಾರ್ಡುಗಳು ನಿನ್ನೆ ಬಂದವು. ನಾವೂ ಉಪವಾಸ ಇದ್ದೇವೆ ಎಂದು ಬರೆದಿದ್ದಾರೆ. ಒಂದರಲ್ಲಿ ನಾನು ಹಾಸಿಗೆಯ ಮೇಲೆ ಮಲಗಿದ್ದೇನೆ, ಯೇಸುಸ್ವಾಮಿ ನನ್ನ ಕತ್ತಿಗೆ ಮಫ್ಲರ್ ಸುತ್ತುತ್ತಿದ್ದಾರೆ. ಬಿಸಿಲಮ್ಮ ನೋಡಿ, "ಯಾರೇ ಇದು, ಪಾಪ, ಹುಷಾರಿಲ್ವಾ?" ಎಂದಳು. ಏನು ಹೇಳಲಿ?

ದೇವರ ಹೆಸರಿನಲ್ಲಿ ಮಕ್ಕಳನ್ನು ಹಸಿದಿರಿಸುವವಳಿಗೂ ಕಳ್ಳಿಗೂ ಏನು ವ್ಯತ್ಯಾಸ? ಮುಂದಿನ ಭಾನುವಾರ ಎದ್ದು ನಿಂತು ನಿಜ ಹೇಳು. ಹೇಳದಿದ್ದರೆ ನಾನು ಬರೆಯುತ್ತೇನೆ.

ಮಗಳು


ಜೂನ್ 6

ಮಗಳೇ,

ನೀನು ಬರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಬೊಗಳುವ ನಾಯಿ. ಒಂದೂವರೆ ತಿಂಗಳಾಯಿತು, ಪಾಸ್ಟರಿಗೆ ಯಾವ ಕಾಗದವೂ ಬಂದಿಲ್ಲ.

ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟು ನಾನೇ ಇದಕ್ಕೊಂದು ಕೊನೆ ಕಾಣಿಸಿದ್ದೇನೆ. ಮಹಾಕೂಟದಲ್ಲಿ ನಾನೇ ಮಾತಾಡಿದೆ. ಅಷ್ಟೇನೂ ಚೆನ್ನಾಗಿ ಆಗಲಿಲ್ಲ, ಜನ ಆಕಳಿಸಿದರು, ಅದು ಬೇರೆ ಮಾತು. ಹೋದ ವಾರ ನಿನಗೆ ವಾಸಿಯಾಯಿತೆಂದು ಹೇಳಿದೆ. ಸ್ವರ ಮರಳಿ ಬಂದಿದೆ, ವೈದ್ಯರೇ ಆಶ್ಚರ್ಯಪಟ್ಟರು ಎಂದೆ. ಸಭೆಯೆಲ್ಲ ಎದ್ದು ನಿಂತು ಹಾಡಿತು. ಎಷ್ಟೋ ವರ್ಷಗಳಿಂದ ನಮ್ಮ ಸಭೆಯಲ್ಲಿ ಅಂಥ ಹಾಡು ಕೇಳಿರಲಿಲ್ಲ.

ಈಗ ನೀನು ಮಾಡಬೇಕಾದದ್ದು ಇಷ್ಟೇ. ಒಂದು ಭಾನುವಾರ ಬಂದು, ಎದ್ದು ನಿಂತು, "ದೇವರಿಗೆ ಸ್ತೋತ್ರ" ಎಂದು ಕುಳಿತುಕೊ. ಅದರಲ್ಲಿ ಸುಳ್ಳೇನಿದೆ? ದೇವರಿಗೆ ಸ್ತೋತ್ರ ಹೇಳಲು ಕಾರಣ ಬೇಕೆ?

ನಿನ್ನನ್ನು ಹೆತ್ತವಳು


ಜೂನ್ 14

ಅಮ್ಮ,

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ನಾನು ಪಾಸ್ಟರಿಗೆ ಕಾಗದ ಬರೆದಿದ್ದೆ. ಮೂರು ಸಲ ಬರೆದು ಮೂರು ಸಲ ಹರಿದೆ. ಓದಿ ನೋಡಿದರೆ ಪ್ರತಿಯೊಂದರಲ್ಲೂ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ. ಅದಕ್ಕೇ ಕಳಿಸಲಿಲ್ಲ, ನಿನ್ನ ಹೆದರಿಕೆಗಲ್ಲ.

ನಾನು ಬಂದರೆ ನಿಜ ಹೇಳುವುದಕ್ಕೇ ಬರುತ್ತೇನೆ. ಬರಲೇ?

ಮಗಳು


ಜುಲೈ 20

ಮಗಳೇ,

ಸಭೆಗೆ ಬರಬೇಡ. ಆದರೆ ಊರಿಗೆ ಬಾ.

ನಮ್ಮ ಬೀದಿಯ ದರ್ಜಿ ನೆನಪಿದ್ದಾನಲ್ಲ, ನಿನ್ನ ಬಿಳಿ ಫ್ರಾಕುಗಳನ್ನೆಲ್ಲ ಹೊಲಿದವನು. ಅವನ ಗಂಟಲಲ್ಲಿ ಗೆಡ್ಡೆ. ನಿಜವಾದದ್ದು. ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟಿದ್ದಾರೆ. ಅವನ ಹೆಂಡತಿ ದಿನವೂ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. "ಅಕ್ಕ, ನಿಮ್ಮ ಮಗಳ ಗಂಟಲನ್ನ ಮುಟ್ಟಿದ ಕೈ ನಮ್ಮನೆಯವರ ಗಂಟಲನ್ನೂ ಮುಟ್ಟಲ್ವಾ? ಒಂದ್ಸಲ ಅವಳನ್ನ ಕರೆಸಿ. ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ಲಿ, ಸಾಕು" ಎನ್ನುತ್ತಾಳೆ. ನಾನು ಮನೆಯಲ್ಲಿಲ್ಲವೆಂದು ತೋರಿಸಲು ಹಗಲಿನಲ್ಲೇ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದೇನೆ.

ಬರುತ್ತಾಳೆ ಎಂದು ಹೇಳಿಬಿಟ್ಟಿದ್ದೇನೆ. ಬಾ, ಕೈಯಿಡು, ಹೋಗು. ನಿಜ ಹೇಳಿದರೆ ಆ ಹೆಂಗಸಿಗೆ ಉಳಿದಿರುವ ಒಂದು ಆಸೆಯೂ ಹೋಗುತ್ತದೆ. ನಿನ್ನ ನಿಜದಿಂದ ಯಾರ ಹೊಟ್ಟೆ ತುಂಬುತ್ತದೆ? ಅಷ್ಟು ಕಲ್ಲು ಮನಸ್ಸಿನವಳಾದರೆ ನಿನ್ನ ನೆಲಮಾಳಿಗೆಯ ದೇವರು ನನಗೆ ಬೇಡ.

ನಿನ್ನ ಅಮ್ಮ


ಆಗಸ್ಟ್ 18

ಅಮ್ಮ,

ನಾನು ಬಂದು ಹೋದದ್ದು ಈ ಹೊತ್ತಿಗೆ ನಿನಗೆ ಗೊತ್ತಾಗಿರುತ್ತದೆ. ನಿನ್ನ ಮನೆಗೆ ಬರಲಿಲ್ಲ. ಬಂದಿದ್ದರೆ ಜಗಳವಾಡಿಯೇ ಶಕ್ತಿಯೆಲ್ಲ ಮುಗಿಯುತ್ತಿತ್ತು.

ನೇರವಾಗಿ ದರ್ಜಿ ಮಾವನ ಮನೆಗೆ ಹೋದೆ. ಅತ್ತೆ ಬಾಗಿಲಲ್ಲೇ ನನ್ನ ಎರಡು ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಅಮ್ಮ, ಆ ಗಳಿಗೆಯಲ್ಲಿ ನೀನು ಹೇಳಿದ್ದೇ ಸರಿ ಎನ್ನಿಸಿತು. ಸುಮ್ಮನೆ ಕೈಯಿಟ್ಟು ನಾಲ್ಕು ಮಾತು ಹೇಳಿ ಹೊರಟುಬಿಡಬಹುದಿತ್ತು. ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು, ಕಣ್ಣೀರೂ ಸಿದ್ಧವಾಗಿತ್ತು.

ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದೆ. "ಅತ್ತೆ, ನಂಗೆ ಯಾವ ಕಾಯಿಲೇನೂ ಬಂದಿರ್ಲಿಲ್ಲ."

"ಏನಂದೆ?"

"ಬಂದಿರ್ಲಿಲ್ಲ. ನಂಗೆ ಪ್ರಸಂಗ ಮಾಡೋಕೆ ಇಷ್ಟ ಇರ್ಲಿಲ್ಲ, ಅಷ್ಟೇ."

ಅವಳು ಒಲೆ ಆರಿಸಿದಳು. ಆಮೇಲೆ ಹೇಳಿದಳು. "ನಿನ್ನ ಗಂಟಲಿಗೆ ಅಂತ ನಾನು ಉಪವಾಸ ಕೂತಿದ್ದೆ ಕಣೇ. ಇಲ್ಲಿ ಈ ಮನುಷ್ಯ ಒಂದು ಗುಟುಕು ನೀರಿಗೆ ಒದ್ದಾಡ್ತಿದ್ರು, ಏನೋ ನೆಗಡಿ ಅಂದ್ಕೊಂಡು, ನಾನು ಅಲ್ಲಿ ಕೂತ್ಕೊಂಡು ನಿನ್ನ ಗಂಟಲಿಗೆ ಅಳ್ತಿದ್ದೆ. ತಾಯಿ ಮಗಳು ಸೇರ್ಕೊಂಡು ದೇವ್ರನ್ನೂ ಕುಣಿಸ್ತೀರಾ? ಎದ್ದು ಹೋಗು."

ಹೋದೆ. ಬಸ್ ನಿಲ್ದಾಣದಲ್ಲಿ ಕುಳಿತೆ. ನಿಜ ಹೇಳಿದ್ದಾಯಿತು, ನನ್ನ ಕೆಲಸ ಮುಗಿಯಿತು ಎಂದುಕೊಳ್ಳಲು ನೋಡಿದೆ. ಬಸ್ಸು ಬಂತು. ಹತ್ತಲಿಲ್ಲ. ನೀನು ಬರೆದಿದ್ದೆಯಲ್ಲ, ನನ್ನ ನೆಮ್ಮದಿಯನ್ನೇ ನಾನು ಬೋಧಿಸುತ್ತಿದ್ದೇನೆ ಎಂದು. ಅದನ್ನು ಓದಿದ ದಿನ ನಿನ್ನ ಕಾಗದವನ್ನು ಗೋಡೆಗೆ ಎಸೆದಿದ್ದೆ. ಅದು ಸರಿಯೆಂದು ಆ ಬೆಂಚಿನ ಮೇಲೆ ಗೊತ್ತಾಯಿತು. ಯಾರ ನೋವೂ ಬಾಗಿಲು ತಟ್ಟದ ಕಡೆ ನೆಮ್ಮದಿಯಾಗಿರುವುದು ಏನು ಮಹಾ? ಬಟ್ಟೆಯ ಮೂಟೆಗಳಿಗೆ ಮುಖವಿರುವುದಿಲ್ಲ.

ನಿಲ್ದಾಣದ ಪಕ್ಕದಲ್ಲೇ ರೂಮು ಮಾಡಿ, ಬೆಳಗ್ಗೆ ಅವರ ಹಿತ್ತಿಲಿಗೆ ಹೋದೆ. ಕೊಳೆಯಾದ ಹಾಸುಬಟ್ಟೆಗಳು ಅಲ್ಲಿ ರಾಶಿ ಬಿದ್ದಿದ್ದವು. ಕೇಳದೆ ನೆನೆಸಿದೆ. ಅತ್ತೆ ಕಿಟಕಿಯಿಂದ ನೋಡಿದಳು, ಬಾಯಿಗೆ ಬಂದಂತೆ ಬೈದಳು, ಆಮೇಲೆ ಸೋಪಿನ ತುಂಡೊಂದನ್ನು ನನ್ನ ಕಡೆ ಎಸೆದಳು. ಕೊಟ್ಟಳು ಎನ್ನಲಾರೆ, ಎಸೆದಳು, ಮೊಣಕಾಲಿಗೆ ಬಿತ್ತು.

ಮಧ್ಯಾಹ್ನ ಮಾವನ ಹಾಸಿಗೆ ಬದಲಿಸಲು ಒಳಗೆ ಬಿಟ್ಟಳು. ಅವರಿಗೆ ಮಾತಿಲ್ಲ. ನನ್ನನ್ನು ಬಹಳ ಹೊತ್ತು ನೋಡಿ, ಗೇಣು ಅಗಲಿಸಿ ನನ್ನ ಭುಜವನ್ನು ಈ ತುದಿಯಿಂದ ಆ ತುದಿಗೆ ಅಳೆದರು, ಚಿಕ್ಕಂದಿನಲ್ಲಿ ಅಳೆಯುತ್ತಿದ್ದ ಹಾಗೆ. ಆಮೇಲೆ ಹುಬ್ಬೇರಿಸಿ ತಲೆಯಾಡಿಸಿದರು, ಇಷ್ಟು ಬೆಳೆದೆಯಾ ಎಂಬಂತೆ. ನಾನು ನಕ್ಕೆ. ಪ್ರಾರ್ಥನೆ ಬರಲಿಲ್ಲ ಅಮ್ಮ. "ಸ್ವಾಮೀ, ಇವರು" ಎಂದೆ. ಅಲ್ಲಿಗೇ ನಿಲ್ಲಿಸಿದೆ. ಅವರು ನನ್ನ ಕೈ ತಟ್ಟಿದರು.

ಈಗ ಪ್ರತಿ ಶನಿವಾರ ಬರುತ್ತಿದ್ದೇನೆ. ಅತ್ತೆ ನನ್ನೊಡನೆ ಮಾತಾಡುವುದಿಲ್ಲ. ಹೋದ ಶನಿವಾರ ನೀನು ಆ ಮನೆಯ ಗೇಟಿನವರೆಗೆ ಬಂದು, ಚಿಲಕ ಮುಟ್ಟಿ ಹಿಂದೆ ಹೋದದ್ದನ್ನು ಹಿತ್ತಿಲಿಂದ ನೋಡಿದೆ. ಕೂಗಬೇಕೆನ್ನಿಸಲಿಲ್ಲ. ಇನ್ನೂ ಅಷ್ಟು ಒಳ್ಳೆಯವಳಾಗಿಲ್ಲ ನಾನು.

ನಿನ್ನ ಮಗಳು


ಸೆಪ್ಟೆಂಬರ್ 16

ಮಗಳೇ,

ತೃಪ್ತಿಯಾಯಿತೇ?

ಎರಡು ವಾರದ ಹಿಂದೆ ಆರಾಧನೆಯಲ್ಲಿ, ಪ್ರಾರ್ಥನೆಗೆ ವಿಷಯಗಳಿದ್ದರೆ ಹೇಳಿ ಎಂದು ಪಾಸ್ಟರ್ ಕೇಳಿದಾಗ ದರ್ಜಿಯ ಹೆಂಡತಿ ಎದ್ದಳು. ಗಂಡನಿಗಾಗಿ ಕೇಳುತ್ತಾಳೆ ಎಂದು ಎಲ್ಲರೂ ತಲೆ ಬಾಗಿಸಿದರು. ಅವಳು ನನ್ನ ಕಡೆ ಕೈ ತೋರಿಸಿದಳು. "ಇವರ ಮಗಳಿಗೆ ಕಾಯಿಲೇನೇ ಇರ್ಲಿಲ್ಲ. ನೀವೆಲ್ಲ ಯಾರಿಗೆ ಉಪವಾಸ ಮಾಡಿದ್ರಿ ಅಂತ ಇವರನ್ನ ಕೇಳಿ" ಎಂದಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಇಡೀ ಸಭೆ ತಿರುಗಿ ನೋಡಿತು. ಉತ್ತರ ನನ್ನಲ್ಲಿ ಸಿದ್ಧವಾಗಿತ್ತು. ಪಾಪ, ನೋವಿನಲ್ಲಿ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಎದ್ದು ನಿಂತೆ, ಬಾಯಿ ತೆರೆದೆ. "ಹೌದು" ಎಂದುಬಿಟ್ಟೆ. ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಕೃಪೆ ಗಿಪೆ ಎಂದು ಬರೆದು ಕಳಿಸಿದರೆ ನಿನ್ನ ಕಾಗದವನ್ನು ಹರಿದುಹಾಕುತ್ತೇನೆ.

ಅಧ್ಯಕ್ಷೆಯ ಕುರ್ಚಿಯಲ್ಲಿ ಈಗ ಖಜಾಂಚಿಯ ಹೆಂಡತಿ. ನಿನ್ನನ್ನು ಮೊದಲೇ ಗುರುತು ಹಿಡಿದಿದ್ದೆ ಎಂದು ಈಗ ಎಲ್ಲರಿಗೂ ಹೇಳುತ್ತಿದ್ದಾಳೆ. ಬೀದಿಯಲ್ಲಿ ಮಕ್ಕಳು ನನ್ನನ್ನು ಕಂಡರೆ ಗಂಟಲು ಹಿಡಿದುಕೊಂಡು ಕೆಮ್ಮುತ್ತಾರೆ. ನಿನ್ನಪ್ಪ ಇದ್ದಿದ್ದರೆ ಎಂದು ಯೋಚಿಸುತ್ತೇನೆ. ಅವರು ಇದ್ದಿದ್ದರೆ ಏನೂ ಹೇಳುತ್ತಿರಲಿಲ್ಲ, ಅದೇ ಅವರ ದೊಡ್ಡ ಕೆಟ್ಟ ಗುಣ.

ಇನ್ನು ಬರೆಯಬೇಡ.

ಅಮ್ಮ


ಸೆಪ್ಟೆಂಬರ್ 24

ಅಮ್ಮ,

ತೃಪ್ತಿಯಾಗಲಿಲ್ಲ. ಆಗುತ್ತದೆ ಎಂದುಕೊಂಡಿದ್ದೆ. ನೀನು ಸಿಕ್ಕಿಬೀಳುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ನೋಡಿ ಸವಿದಿದ್ದೆ. ನಿನ್ನ ಕಾಗದ ಓದಿ ಊಟ ಸೇರಲಿಲ್ಲ.

ಆ ಪದ ಬರೆಯುವುದಿಲ್ಲ, ಹೆದರಬೇಡ.

ಮಾವ ಹೆಚ್ಚು ದಿನ ಇರುವುದಿಲ್ಲ. ಅತ್ತೆಗೆ ಒಬ್ಬಳೇ ಅವರನ್ನು ಎತ್ತಿ ಕೂರಿಸಲು ಆಗುತ್ತಿಲ್ಲ. ನಾನು ಶನಿವಾರ ಮಾತ್ರ ಇರುತ್ತೇನೆ. ನಿನ್ನ ಮನೆ ಆ ಬೀದಿಯಲ್ಲೇ ಇದೆ.

ನಿನ್ನ ಮಗಳು


ನವೆಂಬರ್ 28

ಮಗಳೇ,

ಬರೆಯಬೇಡ ಎಂದರೆ ಬರೆಯುವವಳು, ಬರೆ ಎಂದಿದ್ದರೆ ಬಿಡುತ್ತಿದ್ದೆಯೇನೋ.

ನಾನು ದರ್ಜಿಯ ಮನೆಗೆ ಹೋದದ್ದು ನಿನ್ನ ಮಾತಿಗಲ್ಲ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಮೊದಲ ದಿನ ಅವಳು ಬಾಗಿಲು ತೆಗೆದು, ನನ್ನನ್ನು ನೋಡಿ, ಮುಚ್ಚದೆ ಒಳಗೆ ಹೋದಳು. ಅದನ್ನೇ ಕರೆ ಎಂದುಕೊಂಡೆ. ಅವನನ್ನು ಒಂದು ಕಡೆಯಿಂದ ಅವಳು, ಒಂದು ಕಡೆಯಿಂದ ನಾನು ಹಿಡಿದು ಎತ್ತುತ್ತಿದ್ದೆವು. ಆ ಶನಿವಾರಗಳಲ್ಲಿ ನೀನೂ ನಾನೂ ಒಂದೇ ಸೂರಿನ ಕೆಳಗಿದ್ದರೂ ಮಾತಾಡಲಿಲ್ಲವಲ್ಲ, ಅದು ನಿನಗೆ ಹೇಗಿತ್ತೋ, ನನಗಂತೂ ಜಗಳಕ್ಕಿಂತ ವಾಸಿ ಎನ್ನಿಸಿತು.

ಅವನ ಶವಸಂಸ್ಕಾರದ ದಿನ ನೀನು ಬೇಗ ಹೊರಟುಬಿಟ್ಟೆ. ಆಮೇಲಿನದ್ದು ನಿನಗೆ ಗೊತ್ತಿಲ್ಲ. ಅವನು ಅರ್ಧ ಹೊಲಿದಿಟ್ಟ ಬಟ್ಟೆಗಳು ಅಂಗಡಿಯಲ್ಲಿ ಹಾಗೇ ಇದ್ದವು. ಜನ ಕೇಳಲು ಸಂಕೋಚಪಟ್ಟರೂ ಬಂದು ಇಣುಕಿ ಹೋಗುತ್ತಿದ್ದರು. ಒಂದು ದಿನ ಅವಳೇ ಯಂತ್ರದ ಮುಂದೆ ಕುಳಿತಳು. ಮೊದಲ ಅಂಗಿಯ ತೋಳು ಉಲ್ಟಾ ಆಯಿತು. ನಾನು ಹೋಗಿ ಎದುರಿಗೆ ಕುಳಿತು ಆ ಹೊಲಿಗೆ ಬಿಚ್ಚಿದೆ. ಬೇಡ ಎನ್ನಲಿಲ್ಲ. ಮಾರನೆಯ ದಿನ ಮತ್ತೆ ಹೋದೆ. ಮಾತಿಲ್ಲ, ಕತೆಯಿಲ್ಲ, ಒಂದು ಲೋಟ ಟೀ ಕೊಟ್ಟವಳಲ್ಲ. ತನಗೆ ಮಾಡಿಕೊಂಡು ನನ್ನ ಮುಂದೆಯೇ ಕುಡಿಯುತ್ತಾಳೆ.

ನಿನ್ನ ಹಾಗೆ ನೆಮ್ಮದಿಯಾಗಿದ್ದೇನೆ ಎಂದು ಬರೆಯುವುದಿಲ್ಲ. ಬೆನ್ನು ನೋಯುತ್ತದೆ. ಖಜಾಂಚಿಯ ಹೆಂಡತಿ ಕಿಟಕಿಯ ಮುಂದೆ ಹಾದುಹೋದರೆ ಈಗಲೂ ಮೈ ಉರಿಯುತ್ತದೆ. ಭಾನುವಾರ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ, ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಆದರೆ ನಿನ್ನೆ ಮನೆಗೆ ನಡೆದು ಬರುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಇಡೀ ಮಧ್ಯಾಹ್ನ ನಾನು ಅಂಗಿಗಳಿಗೆ ಗುಂಡಿ ಹಾಕಿದ್ದೆ. ಆ ಹೊತ್ತಿನಲ್ಲೆಲ್ಲ, ಇದನ್ನು ಯಾರಿಗೆ ಹೇಗೆ ಹೇಳಲಿ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಜೀವನದಲ್ಲಿ ಅಂಥ ಮಧ್ಯಾಹ್ನ ಇನ್ನೊಂದಿದ್ದರೆ ನನಗೆ ನೆನಪಿಲ್ಲ. ಯಾರೋ ಭಾರದ ಚೀಲವನ್ನು ಕೈಯಿಂದ ತೆಗೆದುಕೊಂಡ ಹಾಗಿತ್ತು. ಬೀದಿಯ ನಡುವೆ ನಿಂತು "ಸ್ತೋತ್ರ" ಎಂದೆ, ಬಾಯಿಬಿಟ್ಟು ಅಲ್ಲ. ಬೇರೆ ಏನೂ ಸೇರಿಸಲು ತೋಚಲಿಲ್ಲ.

ಇವತ್ತು ಅವಳು ಮಾತಾಡಿದಳು. ತಲೆಯೆತ್ತದೆ, ಸೂಜಿಯನ್ನು ನನ್ನ ಕಡೆ ಚಾಚಿ, "ದಾರ ಪೋಣಿಸಿ ಕೊಡಿ, ನಂಗೆ ಕಣ್ಣು ಕಾಣ್ತಿಲ್ಲ" ಎಂದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. ನನ್ನ ಕಣ್ಣೇನು ಚೆನ್ನಾಗಿದೆಯೇ? ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿದೆ, ಒಂದು ಸಲ ತಪ್ಪಿತು, ಇನ್ನೊಂದು ಸಲ ತಪ್ಪಿತು. ಅವಳು ಅವಸರಪಡಿಸಲಿಲ್ಲ. ಸೂಜಿ ಸಿದ್ಧವಾಗುವವರೆಗೆ ಕೈಚಾಚಿಕೊಂಡೇ ಕಾದಳು.

ಇದನ್ನು ಬರೆದದ್ದು ನಿನಗೆ ಖುಷಿಯಾಗಲಿ ಎಂದಲ್ಲ. ನಾಳೆ ಬೇಗ ಹೋಗಬೇಕು. ಶಾಲೆಯ ಸಮವಸ್ತ್ರಗಳು ಬಂದಿವೆ, ಅಂಚು ಮಡಿಸುವುದು ನನಗಿನ್ನೂ ಸರಿಯಾಗಿ ಬರುವುದಿಲ್ಲ.

ಅಮ್ಮ